ಬಾಯ್ಲರ್ ಮನೆಗಿಂತ ದೊಡ್ಡದೇ? ಒಂದೇ ಮನೆಗೆ ಹಾಕಿ ನೋಡಿದ ಬೇರೆ ಬೇರೆ ಲೆಕ್ಕಗಳು

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗರು ನಾಲ್ಕು ಜನ ಸೇರಿದರೆ, ನವೆಂಬರ್ ನಂತರ ಗ್ಯಾಸ್ ಬಿಲ್ಲಿನ ಮಾತು ಬಂದೇ ಬರುತ್ತದೆ. ‘ನಿಮ್ಮ ಬಾಯ್ಲರ್ ಎಷ್ಟು ಕಿಲೋವ್ಯಾಟ್?’ ಎಂದು ಕೇಳಿ ನೋಡಿ. ಎರಡು ಕೋಣೆಯವರೂ 30 ಎನ್ನುತ್ತಾರೆ, ನಾಲ್ಕು ಕೋಣೆಯವರೂ 30 ಎನ್ನುತ್ತಾರೆ. ನಮ್ಮದೂ ಅದೇ. ಮ್ಯಾಂಚೆಸ್ಟರ್ ಹೊರವಲಯದಲ್ಲಿ 1930ರ ದಶಕದಲ್ಲಿ ಕಟ್ಟಿದ, ಒಂದು ಪಕ್ಕದ ಗೋಡೆಯನ್ನು ನೆರೆಮನೆಯೊಂದಿಗೆ ಹಂಚಿಕೊಂಡ ಮೂರು ಕೋಣೆಗಳ ಮನೆ. ಅಡುಗೆಮನೆಯಲ್ಲಿ, ಕೋಣೆಗಳನ್ನೂ ನಲ್ಲಿಯ ನೀರನ್ನೂ ತಾನೇ ಕಾಯಿಸುವ 30 ಕಿಲೋವ್ಯಾಟ್‌ನ ಕಾಂಬಿ ಬಾಯ್ಲರ್. ಇಷ್ಟು ದೊಡ್ಡದು ಬೇಕೇ ಎಂದು ತಿಳಿಯಲು ಜನ ಹೇಳುವ ದಾರಿಗಳನ್ನೆಲ್ಲ ಇದೇ ಮನೆಯ ಮೇಲೆ ಪ್ರಯೋಗಿಸಿದೆ.

ಮೊದಲನೆಯದು ಕಣ್ಣಂದಾಜು. ಬಾಯ್ಲರ್ ಕೂರಿಸುವವರ ದಾರಿ ಇದು: ಕೋಣೆಗಳಲ್ಲಿ ಬಿಸಿನೀರು ಹರಿಯುವ ರೇಡಿಯೇಟರ್ ಫಲಕಗಳನ್ನು ಎಣಿಸುತ್ತಾರೆ, ಸ್ನಾನದ ಮನೆ ಎಷ್ಟು ಎಂದು ಕೇಳುತ್ತಾರೆ, ‘30 ಹಾಕಿಬಿಡೋಣ, ಮುಂದೆ ತೊಂದರೆ ಬೇಡ’ ಎನ್ನುತ್ತಾರೆ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕಾಂಬಿಗೆ ನೀರಿನ ತೊಟ್ಟಿ ಇಲ್ಲ. ನಲ್ಲಿ ತಿರುಗಿಸಿದ ಕ್ಷಣವೇ ನೀರು ಕಾಯಬೇಕು. ನಿಮಿಷಕ್ಕೆ 10 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 24 ಕಿಲೋವ್ಯಾಟ್ ಬೇಕೇ ಬೇಕು. ಅಂದರೆ 30 ಎಂಬುದು ಸ್ನಾನದ ಲೆಕ್ಕ. ಮನೆ ಬೆಚ್ಚಗಿಡುವುದಕ್ಕೆ ಎಷ್ಟು ಬೇಕು ಎಂಬುದಕ್ಕೆ ಅದರಲ್ಲಿ ಉತ್ತರವೇ ಇಲ್ಲ.

ರೇಡಿಯೇಟರ್‌ಗಳ ಸಾಮರ್ಥ್ಯ ಕೂಡಿಸುವುದು ಇನ್ನೊಂದು ದಾರಿ. ಅಳತೆ ಹಿಡಿದು ತಯಾರಕರ ಪಟ್ಟಿ ನೋಡಿದರೆ ಅರ್ಧ ಗಂಟೆಯ ಕೆಲಸ. ನಮ್ಮವೆಲ್ಲ ಸೇರಿ 11 ಕಿಲೋವ್ಯಾಟ್. ಆದರೆ ಇದು ರೇಡಿಯೇಟರ್‌ಗಳು ಎಷ್ಟು ಶಾಖ ಹೊರಹಾಕಬಲ್ಲವು ಎಂದು ಹೇಳುತ್ತದೆಯೇ ಹೊರತು ಮನೆ ಎಷ್ಟು ಕಳೆದುಕೊಳ್ಳುತ್ತದೆ ಎಂದಲ್ಲ. ಅದೂ ರೇಡಿಯೇಟರ್ ಕೋಣೆಗಿಂತ 50 ಡಿಗ್ರಿ ಬಿಸಿಯಿದ್ದಾಗಿನ ಲೆಕ್ಕ. ವ್ಯತ್ಯಾಸ 30 ಡಿಗ್ರಿಗೆ ಇಳಿದರೆ ಸಾಮರ್ಥ್ಯವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ಅಂಕಿ ಆಮೇಲೆ ಉಪಯೋಗಕ್ಕೆ ಬಂತು, ಆದ್ದರಿಂದ ಬರೆದಿಟ್ಟುಕೊಳ್ಳಿ.

ಪುಸ್ತಕದ ದಾರಿ ಎಂದರೆ ಕೋಣೆ ಕೋಣೆಯ ಶಾಖನಷ್ಟದ ಲೆಕ್ಕ. ಗೋಡೆ, ಕಿಟಕಿ, ಚಾವಣಿ, ನೆಲ ಪ್ರತಿಯೊಂದರ ವಿಸ್ತೀರ್ಣವನ್ನು ಅದರ ಯು-ಮೌಲ್ಯದಿಂದ (ಪ್ರತಿ ಡಿಗ್ರಿ ಅಂತರಕ್ಕೆ ಒಂದು ಚದರ ಮೀಟರ್ ಮೂಲಕ ಸೋರುವ ಶಾಖ) ಗುಣಿಸಿ, ಒಳಗಿನ 20 ಡಿಗ್ರಿಗೂ ಹೊರಗಿನ ಮೈನಸ್ 3ಕ್ಕೂ ಇರುವ ಅಂತರದಿಂದ ಮತ್ತೆ ಗುಣಿಸಬೇಕು. ಮೇಲೆ ಗಾಳಿ ಸೋರಿಕೆಯ ಬಾಬ್ತು ಬೇರೆ. ನನಗೆ ಬಂದ ಉತ್ತರ 8.4 ಕಿಲೋವ್ಯಾಟ್. ಶ್ರದ್ಧೆಯ ಕೆಲಸ, ಆದರೆ ಇಡೀ ಲೆಕ್ಕ ಎರಡು ಊಹೆಗಳ ಮೇಲೆ ನಿಂತಿದೆ. ಒಂದು, ಜೋಡಿ ಇಟ್ಟಿಗೆ ಗೋಡೆಯ ನಡುವಿನ ಟೊಳ್ಳು ತುಂಬಿದೆಯೇ ಇಲ್ಲವೇ ಎಂಬುದು. ಖಾಲಿಯಿದ್ದರೆ ಯು-ಮೌಲ್ಯ 1.5ರ ಆಸುಪಾಸು, ತುಂಬಿದ್ದರೆ 0.5. ಬರೀ ಅಷ್ಟಕ್ಕೇ ನಮ್ಮ ಮನೆಯಲ್ಲಿ 1.7 ಕಿಲೋವ್ಯಾಟ್ ವ್ಯತ್ಯಾಸ. ಹೊರಗೋಡೆಯನ್ನು ಹತ್ತಿರದಿಂದ ನೋಡಿದಾಗ ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಸಾಲಾಗಿ, ರೂಪಾಯಿಯಷ್ಟಗಲದ ದುಂಡು ತೇಪೆಗಳು ಕಂಡವು, ಉಳಿದ ಗಾರೆಗಿಂತ ಸ್ವಲ್ಪ ಬಿಳಿ. ಕೊರೆದು ಒಳಗೆ ನಿರೋಧಕ ಊದಿದ ಗುರುತು. ಸದ್ಯ, ಆ ಊಹೆ ತೀರಿತು. ಎರಡನೆಯದು ಗಾಳಿ. ಮನೆಯ ಗಾಳಿ ಗಂಟೆಗೆ ಒಂದೂವರೆ ಸಲ ಬದಲಾಗುತ್ತದೆ ಎಂದು ಪಟ್ಟಿಯಲ್ಲಿದ್ದ ಅಂಕಿಯನ್ನೇ ಹಾಕಿದ್ದೆ. 0.7 ಹಾಕಿದರೆ ಉತ್ತರ 7.1ಕ್ಕೆ ಇಳಿಯುತ್ತದೆ. ಯಾವುದು ನಿಜ? ಒಲೆಯ ಮುಂದೆ ಕೂತು ಹೇಳಲಾಗದು.

ಅದನ್ನು ತೀರ್ಮಾನಿಸಿದ್ದು ಗ್ಯಾಸ್ ಮೀಟರ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಮನೆ ತಾನೇ ಬಾಯಿಬಿಟ್ಟು ಹೇಳುವ ಲೆಕ್ಕ ಇದು. ಚಳಿ ಗಟ್ಟಿಯಾಗಿ ಕೂತ ದಿನ ಥರ್ಮೋಸ್ಟಾಟ್ ಅನ್ನು ಹಗಲೂ ರಾತ್ರಿ ಒಂದೇ 20ಕ್ಕೆ ಇಟ್ಟು, 24 ಗಂಟೆಯ ಅಂತರದಲ್ಲಿ ಮೀಟರ್ ಓದಬೇಕು. ಹೊರಗೆ ಸರಾಸರಿ 1 ಡಿಗ್ರಿ ಇದ್ದ ದಿನ 14 ಘನ ಮೀಟರ್ ಉರಿಯಿತು. ಒಂದು ಘನ ಮೀಟರ್ ಸುಮಾರು 11.2 ಯೂನಿಟ್ (ಕಿಲೋವ್ಯಾಟ್-ಗಂಟೆ), ನೂರು ಘನ ಅಡಿಗಳ ಲೆಕ್ಕದಲ್ಲಿ ತೋರಿಸುವ ಹಳೆಯ ಮೀಟರ್ ಇರುವವರು ಮೊದಲು 2.83ರಿಂದ ಗುಣಿಸಬೇಕು, ಇಲ್ಲವಾದರೆ ಮನೆ ಅರಮನೆಯೋ ಗುಬ್ಬಿಗೂಡೋ ತಿಳಿಯುವುದಿಲ್ಲ. 157 ಯೂನಿಟ್‌ನಲ್ಲಿ ಸ್ನಾನ, ಅಡುಗೆಗೆ 12 ಕಳೆದು, ಬಾಯ್ಲರ್ ದಕ್ಷತೆ ಶೇ. 88 ಎಂದಿಟ್ಟುಕೊಂಡು 24ರಿಂದ ಭಾಗಿಸಿದರೆ 5.3 ಕಿಲೋವ್ಯಾಟ್. ಹೊರಗೆ 15.5 ಡಿಗ್ರಿ ಮುಟ್ಟಿದರೆ ಮನೆಗೆ ಬಾಯ್ಲರ್ ಬೇಡ ಎಂಬುದು ಬ್ರಿಟನ್ನಿನ ವಾಡಿಕೆಯ ಲೆಕ್ಕ. ಜನರ ಮೈಶಾಖ, ಅಡುಗೆ, ಬಿಸಿಲು ಉಳಿದದ್ದನ್ನು ತುಂಬುತ್ತವೆ. 15.5ಕ್ಕೆ ಸೊನ್ನೆ, 1ಕ್ಕೆ 5.3 ಎಂಬ ಗೆರೆಯನ್ನು ಮೈನಸ್ 3ರವರೆಗೆ ಎಳೆದರೆ 6.8. ಇದು 7.1ಕ್ಕೇ ಹತ್ತಿರ, ಹಾಗಾಗಿ ಗಾಳಿಯ ಅಂಕಿ 0.7 ಸರಿ ಎಂಬುದೂ ಇಲ್ಲೇ ಗೊತ್ತಾಯಿತು.

ಹಾಗಾದರೆ 30 ಎಲ್ಲಿ, 6.8 ಎಲ್ಲಿ! ಆದರೂ ಬಾಯ್ಲರ್ ದೊಡ್ಡದು ಎಂದು ಇಷ್ಟಕ್ಕೇ ತೀರ್ಪು ಕೊಡುವುದು ಆತುರ, ಏಕೆಂದರೆ ಈಗಿನ ಬಾಯ್ಲರ್ ಉರಿಯನ್ನು ತಗ್ಗಿಸಬಲ್ಲದು. ಎಷ್ಟು ತಗ್ಗಿಸಬಲ್ಲದು ಎಂಬುದೇ ಪ್ರಶ್ನೆ. ಅದಕ್ಕೆ ಗಡಿಯಾರ ಹಿಡಿದು ಮೀಟರ್ ಮುಂದೆ ನಿಂತೆ. ಒಲೆ, ಬಿಸಿನೀರಿನ ನಲ್ಲಿ ಎರಡೂ ಬಂದ್. ಬೆಳಿಗ್ಗೆ ಹೊತ್ತಿದಾಗ ದಶಮಾಂಶದ ಕೆಂಪು ಅಂಕಿಗಳು ಓಡುತ್ತವೆ: ಎರಡು ನಿಮಿಷಕ್ಕೆ 0.08 ಘನ ಮೀಟರ್, ಅಂದರೆ 27 ಕಿಲೋವ್ಯಾಟ್ ಗ್ಯಾಸ್. ರೇಡಿಯೇಟರ್ ಬಿಸಿಯಾದ ಮೇಲೆ ಅದೇ ಎರಡು ನಿಮಿಷಕ್ಕೆ 0.02. ಇಲ್ಲಿಂದ ಕೆಳಕ್ಕೆ ಇಳಿಯುವುದೇ ಇಲ್ಲ. ದಕ್ಷತೆ ಕಳೆದರೆ 6 ಕಿಲೋವ್ಯಾಟ್, ಕೈಪಿಡಿಯಲ್ಲಿ ಕನಿಷ್ಠ ಎಂದು ಬರೆದದ್ದೂ ಅಷ್ಟೇ.

ಅಲ್ಲಿಗೆ ಕಥೆ ಸ್ಪಷ್ಟ. ಅದರ ಅತಿ ಸಣ್ಣ ಉರಿಯೇ ನಮ್ಮ ಮನೆಗೆ ಮೈನಸ್ 1 ಡಿಗ್ರಿಯ ಚಳಿಗೆ ಬೇಕಾದಷ್ಟಿದೆ. ಹೊರಗೆ 9 ಡಿಗ್ರಿ ಇದ್ದರೆ ಮನೆ ಕೇಳುವುದು 2.4 ಮಾತ್ರ, ಬರ್ನರ್ ನಾಲ್ಕು ನಿಮಿಷ ಉರಿದು ಆರು ನಿಮಿಷ ಆರಿರುತ್ತದೆ. ಚಳಿಗಾಲದ ಬಹುಪಾಲು ಹೀಗೆ ಹೊತ್ತಿ ಆರುವುದರಲ್ಲೇ ಕಳೆಯುತ್ತದೆ. ಕಾಂಬಿ ದೊಡ್ಡದೇ ಎಂದು ಕೇಳುವವರು ಮೇಲಿನ ಅಂಕಿಯನ್ನು ಬಿಟ್ಟು ಕೆಳಗಿನದನ್ನು ನೋಡಬೇಕು. ಆದರೆ ಗಡಿಯಾರದ ಪರೀಕ್ಷೆಯನ್ನು ಒಂಟಿಯಾಗಿ ನಂಬಬೇಡಿ: ಹದವಾದ ದಿನದಲ್ಲಿ ಯಾವ ಬಾಯ್ಲರ್ ಆದರೂ ಹೊತ್ತಿ ಆರುತ್ತದೆ. ಮೀಟರಿನ ದಿನದ ಲೆಕ್ಕ ಪಕ್ಕದಲ್ಲಿರಬೇಕು.

ಚೆನ್ನಾಗಿರುವ ಬಾಯ್ಲರನ್ನು ಕಿತ್ತೆಸೆಯಲು ನನಗೆ ಮನಸ್ಸಿಲ್ಲ. ರೇಡಿಯೇಟರ್‌ಗೆ ಹೋಗುವ ನೀರನ್ನು 55 ಡಿಗ್ರಿಗೆ ಇಳಿಸಿದೆ. 11 ಕಿಲೋವ್ಯಾಟ್‌ನ ಅರ್ಧ ಸೊನ್ನೆ ಡಿಗ್ರಿಯವರೆಗೂ ಸಾಕು, ಅದಕ್ಕಿಂತ ಚಳಿಯಾದರೆ 60ಕ್ಕೆ ಏರಿಸುತ್ತೇನೆ. ಮರಳಿ ಬರುವ ನೀರು 55ಕ್ಕಿಂತ ತಣ್ಣಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ ತನ್ನ ಶಾಖ ಬಿಟ್ಟುಕೊಡುತ್ತದೆ, ಆದ್ದರಿಂದ ಲಾಭ ಅಲ್ಲೂ ಇದೆ. ಬಿಸಿ ಮಾಡುವ ಗರಿಷ್ಠ ಮಿತಿಯನ್ನು ವಾರ್ಷಿಕ ತಪಾಸಣೆಗೆ ಬಂದ ನೋಂದಾಯಿತ ತಂತ್ರಜ್ಞರಿಂದ 10 ಕಿಲೋವ್ಯಾಟ್‌ಗೆ ಇಳಿಸಿಸಿದೆ. ಬಾಯ್ಲರಿನ ಮುಚ್ಚಳ ತೆಗೆಯುವ ಕೆಲಸ ನಮ್ಮದಲ್ಲ. ಕನಿಷ್ಠ 6 ಮಾತ್ರ ಇದ್ದಂತೆಯೇ ಇದೆ. ಅದಕ್ಕೆ ಬೇರೆ ಬಾಯ್ಲರೇ ಬೇಕು. ಬದಲಿಸುವ ದಿನ ಬಂದಾಗ 3ಕ್ಕೆ ಇಳಿಯುವಂಥದ್ದನ್ನು ಕೇಳುತ್ತೇನೆ.

ಬೇಸಿಗೆಯಲ್ಲಿ ಮನೆ ಕೊಂಡು, ಚಳಿ ಬರುವ ಮೊದಲೇ ಬಾಯ್ಲರ್ ಬದಲಿಸಬೇಕಾದವರಿಗೆ ಮೀಟರ್ ನೆರವಾಗದು. ಅವರು ಪುಸ್ತಕದ ಲೆಕ್ಕವನ್ನೇ ಹಾಕಬೇಕು. ಹಾಕುವ ಮುನ್ನ ಹೊರಗೋಡೆಯ ಗಾರೆಯನ್ನೊಮ್ಮೆ ನೋಡಿ ಬರಲಿ.