ಎರಡು ಮಳೆಗಾಲ ಕಂಡ ಜಿಪಿಎಸ್ ವಾಚು: ಉಡುಪಿಯ ಒಂದು ವಾರದ ಓಟ, ಸವಾರಿ, ತಿರುಗಾಟದ ಲೆಕ್ಕದಲ್ಲಿ

ಸುಮಾರು 28,000 ರೂಪಾಯಿ ಕೊಟ್ಟು 2022ರ ಅಕ್ಟೋಬರಿನಲ್ಲಿ ಕೊಂಡ ಈ ಕ್ರೀಡಾ ವಾಚು ಅಂದಿನಿಂದ ಇಂದಿನವರೆಗೆ, ದುರಸ್ತಿಗೆ ಹೋಗಿದ್ದ ದಿನಗಳನ್ನು ಬಿಟ್ಟರೆ, ನನ್ನ ಎಡಗೈಯಲ್ಲೇ ಇದೆ (ನಡುವೆ ವಾರಂಟಿಯಲ್ಲಿ ಬದಲಿಯಾಗಿ ಸಿಕ್ಕ ವಾಚನ್ನೂ ಸೇರಿಸಿ). ಹೊಸದರಲ್ಲಿ ಬರೆದಿದ್ದರೆ ಈ ವಿಮರ್ಶೆ ಬರೀ ಹೊಗಳಿಕೆಯಾಗುತ್ತಿತ್ತು. ಉಪ್ಪುಗಾಳಿ, ಬೆವರು ಮತ್ತು ಎರಡು ಮಳೆಗಾಲಗಳು ವಾಚಿನ ಮೇಲೆ ಏನು ಮಾಡುತ್ತವೆ, ನಮ್ಮ ಸೆಕೆಯಲ್ಲಿ ಅದು ತೋರಿಸುವ ಅಂಕಿಗಳನ್ನು ಹೇಗೆ ಓದಬೇಕು ಎಂಬುದು ಬಳಸುತ್ತಾ ಬಂದಂತೆ ಮಾತ್ರ ತಿಳಿಯಿತು. ಇದೇ ಬೆಲೆಯ ವಾಚುಗಳಲ್ಲಿ ಹೆಚ್ಚುಕಡಿಮೆ ಇದೇ ತಂತ್ರಜ್ಞಾನ ಇರುವುದರಿಂದ ಕಂಪನಿಯ ಹೆಸರಿಗಿಂತ ಅನುಭವವನ್ನು ಹೇಳುವುದೇ ಹೆಚ್ಚು ಉಪಯುಕ್ತವೆಂದು ಭಾವಿಸಿ, 2025ರ ಫೆಬ್ರವರಿಯ ಒಂದು ವಾರವನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಅರ್ಧ ಮ್ಯಾರಥಾನಿನ ತಯಾರಿಯ ನಡುವೆಯೇ ಮನೆಯವರೊಂದಿಗೆ ಎರಡು ದಿನ ತಿರುಗಾಟವೂ ಇದ್ದ ವಾರವದು.

ಸೋಮವಾರ ಬೆಳಗ್ಗೆ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಹೋಗಿಬರುವ 18 ಕಿಲೋಮೀಟರ್ ಓಟ. ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಹೊಳೆ, ನಡುವೆ ಸಪಾಟಾದ ರಸ್ತೆ. ತಲೆಯ ಮೇಲೆ ಆಕಾಶ ತೆರೆದುಕೊಂಡಿರುವುದರಿಂದ ಉಪಗ್ರಹಗಳ ಸಂಕೇತಕ್ಕೆ ಅಡ್ಡಿಯಿಲ್ಲ. ಸ್ಥಳವನ್ನು ಗುರುತಿಸಲು ವಾಚಿಗೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು, ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತವೆ. ಹೋದ ದೂರಕ್ಕೂ ಬಂದ ದೂರಕ್ಕೂ ನಡುವೆ 20 ಮೀಟರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಈ ದಾರಿಯಲ್ಲಿ ನಾನು ಕಂಡಿಲ್ಲ. ಆದರೆ ಅಂದು ಗಮನಿಸಬೇಕಾದದ್ದು ದೂರವನ್ನಲ್ಲ, ಹೃದಯ ಬಡಿತವನ್ನು. ಕಿಲೋಮೀಟರಿಗೆ 6 ನಿಮಿಷ 30 ಸೆಕೆಂಡಿನ ಒಂದೇ ವೇಗದಲ್ಲಿ ಓಡಿದರೂ ಆರಂಭದಲ್ಲಿ 142 ಇದ್ದ ಬಡಿತ ಕೊನೆಯ ಮೂರು ಕಿಲೋಮೀಟರುಗಳಲ್ಲಿ 160 ದಾಟಿತ್ತು. ಬೆವರು ಆರಿದಾಗ ಮಾತ್ರ ಮೈ ತಣಿಯುತ್ತದೆ. ನಮ್ಮ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹರಿದುಹೋಗುತ್ತದೆ, ಚರ್ಮದ ಕಡೆಗೆ ಹೆಚ್ಚು ರಕ್ತ ಕಳುಹಿಸಬೇಕಾಗಿ ಹೃದಯ ಬೇಗಬೇಗ ಬಡಿಯುತ್ತದೆ. ವಾಚು ಇದನ್ನು ನನ್ನ ಸಾಮರ್ಥ್ಯ ಕುಸಿದಿದೆ ಎಂದು ಅರ್ಥ ಮಾಡಿಕೊಂಡು ಅಂಕವನ್ನು ಇಳಿಸಿತು. ಮೊದಲ ಬೇಸಿಗೆಯಲ್ಲಿ ಆ ಇಳಿಕೆಯನ್ನು ನಂಬಿ, ಅಗತ್ಯಕ್ಕಿಂತ ಗಟ್ಟಿಯಾಗಿ ಓಡಿ ಮೊಣಕಾಲು ನೋಯಿಸಿಕೊಂಡಿದ್ದೆ. ಕರಾವಳಿಯಲ್ಲಿ ಈ ವಾಚನ್ನು ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದು: ವೇಗದ ಗುರಿಯನ್ನು ಬದಿಗಿಟ್ಟು ಬಡಿತದ ಮಿತಿಯನ್ನು ಇಟ್ಟುಕೊಳ್ಳಿ.

ಹಾಗೆ ಮಾಡಬೇಕಾದರೆ ವಾಚು ತೋರಿಸುವ ಬಡಿತ ಸರಿಯಾಗಿರಬೇಕು. ಬುಧವಾರ ಅಜ್ಜರಕಾಡಿನ ಕ್ರೀಡಾಂಗಣದಲ್ಲಿ 800 ಮೀಟರಿನ ಆರು ವೇಗದ ಓಟಗಳಿದ್ದವು. ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತದ ಪ್ರಮಾಣ ಏರಿಳಿದಂತೆ ಹೆಚ್ಚುಕಡಿಮೆಯಾಗಿ ಹಿಂದಿರುಗುವುದನ್ನು ಅಳೆದು ಬಡಿತವನ್ನು ಎಣಿಸುತ್ತದೆ. ಬೆವರಿನಿಂದ ಪಟ್ಟಿ ಜಾರಿದರೆ ಕೈ ಬೀಸುವ ಲಯವೇ ಆ ಎಣಿಕೆಯೊಳಗೆ ಸೇರಿಕೊಂಡುಬಿಡುತ್ತದೆ. ಎರಡನೆಯ ಓಟದಲ್ಲಿ ವಾಚು 174 ಎಂದು ತೋರಿಸುತ್ತಿದ್ದಾಗ ನನ್ನ ಹೆಜ್ಜೆಗಳೂ ನಿಮಿಷಕ್ಕೆ 174 ಇದ್ದವು. ಎದೆಗೆ ಕಟ್ಟಿದ ಪಟ್ಟಿಯಲ್ಲಿ ಬಡಿತ 158. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿಗೆ ಈ ಗೊಂದಲವಿಲ್ಲ. ನಿಧಾನದ ಓಟಕ್ಕೂ ನಿದ್ದೆಗೂ ಮಣಿಕಟ್ಟಿನ ಅಳತೆ ಸಾಕು, ವೇಗದ ಅಭ್ಯಾಸಕ್ಕೆ ಸಾಲದು. ಎದೆಪಟ್ಟಿಯ ಖರ್ಚನ್ನೂ ಸೇರಿಸಿಯೇ ವಾಚಿನ ಬೆಲೆಯನ್ನು ಲೆಕ್ಕ ಹಾಕುವುದು ಒಳ್ಳೆಯದು. ಗುರುವಾರದ ಈಜಿನ ಬಗ್ಗೆ ದೂರಿಲ್ಲ: ಕೊಳದ ಉದ್ದವನ್ನು ಮೊದಲೇ ತುಂಬಿಸಿಟ್ಟರೆ ಸುತ್ತುಗಳ ಎಣಿಕೆ ತಪ್ಪುವುದಿಲ್ಲ.

ಶುಕ್ರವಾರ ರಜೆ ಹಾಕಿ ಸೈಕಲಿನಲ್ಲಿ ಆಗುಂಬೆಗೆ ಹೋದೆ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿ ಸೋಮೇಶ್ವರದವರೆಗೆ ದಾರಿ ಸಣ್ಣ ಸಣ್ಣ ಏರುತಗ್ಗುಗಳಲ್ಲಿ ಸಾಗುತ್ತದೆ, ಆಮೇಲೆ ಘಾಟಿ ಶುರು. ಹೇರ್‌ಪಿನ್ ತಿರುವುಗಳಲ್ಲಿ ದಟ್ಟ ಮರಗಳೂ ಬೆಟ್ಟದ ಗೋಡೆಯೂ ಸಂಕೇತವನ್ನು ತಡೆದು ಚದುರಿಸುವುದರಿಂದ ವಾಚು ಬಿಡಿಸಿದ ನಕ್ಷೆಯಲ್ಲಿ ನಾನು ಮೂರು ಕಡೆ ರಸ್ತೆ ಬಿಟ್ಟು ಕಾಡಿನೊಳಗೆ ಹೋದಂತೆ ಗೆರೆಯಿದೆ. ನನ್ನದು ಒಂದೇ ಆವರ್ತನದ (ಫ್ರೀಕ್ವೆನ್ಸಿಯ) ಸಂಕೇತವನ್ನು ಹಿಡಿಯುವ ಮಾದರಿ. ಎರಡು ಆವರ್ತನಗಳನ್ನು ಹಿಡಿಯುವ ಗೆಳೆಯರ ವಾಚಿನಲ್ಲಿ ಅದೇ ತಿರುವುಗಳು ಬಹುಮಟ್ಟಿಗೆ ಸರಿಯಾಗಿ ಮೂಡಿದ್ದನ್ನು ನೋಡಿದ್ದೇನೆ. ಪಶ್ಚಿಮ ಘಟ್ಟದಲ್ಲಿ ಹೆಚ್ಚು ತಿರುಗುವವರು ಈ ಒಂದು ಸೌಲಭ್ಯಕ್ಕೆ ಹೆಚ್ಚು ಹಣ ಕೊಟ್ಟರೆ ತಪ್ಪಿಲ್ಲ.

ಎತ್ತರದ ಲೆಕ್ಕದಲ್ಲಿ ಮಾತ್ರ ಈ ವಾಚು ನನ್ನ ನಂಬಿಕೆಯನ್ನು ಉಳಿಸಿಕೊಂಡಿದೆ. ಒಳಗಿನ ವಾಯುಭಾರ ಮಾಪಕವು ಗಾಳಿಯ ಒತ್ತಡ ಇಳಿದಂತೆ ಎತ್ತರವನ್ನು ಲೆಕ್ಕ ಹಾಕುತ್ತದೆ. ಸಮುದ್ರ ಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್‌ನಷ್ಟು ಕಡಿಮೆಯಾಗುತ್ತದೆ. ಹವೆ ಕೆಟ್ಟಾಗಲೂ ಒತ್ತಡ ಇಳಿಯುವುದರಿಂದ ಮಳೆಗಾಲದಲ್ಲಿ ನಮ್ಮ ಮನೆಯೇ ಒಂದೇ ರಾತ್ರಿಯಲ್ಲಿ 40 ಮೀಟರ್ ಮೇಲೆದ್ದಂತೆ ವಾಚು ತೋರಿಸಿದ್ದುಂಟು. ನಮಗೆ ಇದಕ್ಕೆ ಸುಲಭ ಪರಿಹಾರವಿದೆ: ಮಲ್ಪೆಯ ದಂಡೆಯಲ್ಲಿ ನಿಂತು ಎತ್ತರವನ್ನು ಸೊನ್ನೆಗೆ ಹೊಂದಿಸಿದರಾಯಿತು. ಹಾಗೆ ಹೊಂದಿಸಿಕೊಂಡು ಹೋದ ಪ್ರತಿ ಸಲವೂ ಆಗುಂಬೆಯ ಪೇಟೆಯಲ್ಲಿ ವಾಚು ತೋರಿಸಿದ ಅಂಕಿಯಲ್ಲಿ ಹತ್ತು ಹದಿನೈದು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದಿಲ್ಲ.

ಶನಿವಾರ ಅಮ್ಮ, ಹೆಂಡತಿ ಮತ್ತು ಏಳು ವರ್ಷದ ಮಗಳೊಂದಿಗೆ ಕಾರ್ಕಳಕ್ಕೆ ಹೋಗಿದ್ದೆವು. 1432ರಲ್ಲಿ ಪ್ರತಿಷ್ಠಾಪನೆಯಾದ ಗೋಮಟೇಶ್ವರನ ಬೆಟ್ಟವನ್ನು ಹತ್ತಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ನಾವು ತಲುಪಿದಾಗ ಹನ್ನೊಂದು ಗಂಟೆಯಾಗಿ ಬಂಡೆ ಕಾದಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಮ್ಮನ ಕೈ ಹಿಡಿದು, ನಿಂತು ನಿಂತು ಹತ್ತಿದೆ. ಹಿಂದಿನ ದಿನದ ಘಾಟಿಯಿಂದ ತೊಡೆಗಳು ಇನ್ನೂ ಬಿಗಿದಿದ್ದವು. ವಾಚಿನಲ್ಲಿ ಯಾವ ಚಟುವಟಿಕೆಯನ್ನೂ ಆರಂಭಿಸದೆ ಇದ್ದುದರಿಂದ ಅಂದಿನ ಶ್ರಮ ತರಬೇತಿಯ ಲೆಕ್ಕಕ್ಕೆ ಬಾರದೆ ಹೋಯಿತು, ಸಂಜೆ ವಾಚು ಆ ದಿನವನ್ನು ವಿಶ್ರಾಂತಿಯ ದಿನವೆಂದು ದಾಖಲಿಸಿ ಮರುದಿನ ದೀರ್ಘ ಓಟವನ್ನು ಸೂಚಿಸಿತು. ಆದರೆ ಅದೇ ವಾಚು ರಾತ್ರಿ ನಿದ್ದೆಯಲ್ಲಿ ಅಳೆದ ವಿಶ್ರಾಂತ ಬಡಿತ ಎಂದಿನ 52ರಿಂದ 58ಕ್ಕೆ ಏರಿತ್ತು. ಹಗಲಿನ ದುಡಿಮೆಯನ್ನು ಅದು ಗುರುತಿಸಲಿಲ್ಲ, ದೇಹದಲ್ಲಿ ಉಳಿದ ದಣಿವನ್ನು ಗುರುತಿಸಿತು. ಸಲಹೆಯ ಪುಟವನ್ನು ಬಿಟ್ಟು ನಿದ್ದೆಯ ಬಡಿತವನ್ನು ನಂಬುವುದನ್ನು ಇಂತಹ ದಿನಗಳಿಂದಲೇ ಕಲಿತಿದ್ದೇನೆ. ಮನೆಯವರೊಂದಿಗಿನ ನಡಿಗೆಯನ್ನೂ ಈಗ ಒತ್ತಿ ದಾಖಲಿಸುತ್ತೇನೆ, ದಾಖಲಿಸಿದ ಮೇಲೆ ಅದರ ಕಡೆ ನೋಡುವುದಿಲ್ಲ. ಬೆಟ್ಟದ ಮೇಲೆ ಹೆಂಡತಿ "ಮಗಳು ಕರೀತಾ ಇದ್ದಾಳೆ, ವಾಚು ಆಮೇಲೆ ನೋಡಿ ಮಾರಾಯ್ರೆ" ಎಂದದ್ದು ಸರಿಯಾದ ಮಾತಾಗಿತ್ತು. ಫೋನಿನ ಸಂದೇಶಗಳು ವಾಚಿಗೆ ಬರುವುದನ್ನು ಅಂದೇ ನಿಲ್ಲಿಸಿದೆ.

ಭಾನುವಾರ ಓಡಲಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಕಂಬದಾಕಾರದ ಜ್ವಾಲಾಮುಖಿ ಕಲ್ಲುಗಳ ನಡುವೆ ಮಗಳನ್ನು ಎತ್ತಿ ದಾಟಿಸುವಾಗ ಗಾಜು ಕಲ್ಲಿಗೆ ಉಜ್ಜಿ ಉದ್ದದ ಗೀರು ಬಿತ್ತು. ಬಿಸಿಲಿನಲ್ಲಿ ಅಂಕಿಗಳನ್ನು ಓದಲು ಅದು ಅಡ್ಡಿಯಾಗಿಲ್ಲ, ಆದರೂ ಸಫೈರ್ ಗಾಜಿನ ಮಾದರಿಯಾಗಿದ್ದರೆ ಬಹುಶಃ ಗೀರು ಬೀಳುತ್ತಿರಲಿಲ್ಲ.

ಇನ್ನು ನನಗೆ ನಿಜವಾಗಿ ನೋವಾದ ಸಂಗತಿ. ಮೊದಲ ವರ್ಷದ ಕೊನೆಯಲ್ಲಿ ಚಾರ್ಜ್ ಮಾಡುವ ಲೋಹದ ಬಿಂದುಗಳು ಹಸಿರುಗಟ್ಟಿ ವಾಚು ಸತ್ತಂತಾಯಿತು. ಉಪ್ಪು ಬೆವರು ಹತ್ತಿರುವಾಗಲೇ ಚಾರ್ಜಿಗೆ ಹಾಕಿದರೆ ವಿದ್ಯುತ್ ಹರಿದು ಲೋಹವನ್ನು ತಿನ್ನುತ್ತದೆ ಎಂಬ ಎಚ್ಚರಿಕೆ ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಿತ್ತು. ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಕಂಪನಿಯ ಸೇವಾ ಕೇಂದ್ರವಿಲ್ಲದೆ ಬೆಂಗಳೂರಿಗೆ ಕಳುಹಿಸಿ 24 ದಿನ ಕಾದೆ, ನಡುವೆ ಮಾಡಿದ ಕರೆಗಳಿಗೆ ಸ್ಪಷ್ಟ ಉತ್ತರ ಸಿಗಲಿಲ್ಲ. ಕೊನೆಗೆ ವಾರಂಟಿಯಲ್ಲಿ ಬದಲಿ ವಾಚು ಕೊಟ್ಟರು. ಅಂದಿನಿಂದ ಪ್ರತಿ ಓಟದ ನಂತರ ಸಿಹಿನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಇಡುತ್ತಿದ್ದೇನೆ. ಆ ತೊಂದರೆ ಮರುಕಳಿಸಿಲ್ಲ. ಸಿಲಿಕೋನ್ ಪಟ್ಟಿಯಿಂದ ಬೇಸಿಗೆಯಲ್ಲಿ ಚರ್ಮ ಕೆಂಪಾಗಿ ತುರಿಸುತ್ತಿದ್ದುದರಿಂದ ನೈಲಾನ್ ಪಟ್ಟಿಗೆ ಬದಲಾಯಿಸಿದ್ದೇನೆ.

ಹೊಸದರಲ್ಲಿ ಜಿಪಿಎಸ್ ಹಾಕಿಕೊಂಡು 30 ಗಂಟೆ ಬರುತ್ತಿದ್ದ ಬ್ಯಾಟರಿ ಈಗ 22 ಗಂಟೆಗೆ ಇಳಿದಿದೆ. ಆಗುಂಬೆಗೆ ಹೋಗಿಬರಲು ನನಗೆ ಬೇಕಾಗುವುದು ಸುಮಾರು ಏಳು ಗಂಟೆ, ಹಾಗಾಗಿ ಸದ್ಯಕ್ಕೆ ವಾಚನ್ನು ಬದಲಿಸುವ ಯೋಚನೆಯಿಲ್ಲ. ಬದಲಿಸುವ ದಿನ ಬಂದರೆ ಎರಡು ಆವರ್ತನದ ಸಂಕೇತಕ್ಕಿಂತಲೂ ಮೊದಲು ನಾನು ಅಂಗಡಿಯವರಲ್ಲಿ ಕೇಳುವುದು, ದುರಸ್ತಿಗೆ ಬೆಂಗಳೂರಿಗೆ ಕಳುಹಿಸಬೇಕೋ ಮಂಗಳೂರಿನಲ್ಲೇ ಆಗುತ್ತದೋ ಎಂದು.