ಎಡಿಎಚ್‌ಡಿ ಗುಳಿಗೆ: ಬೆಳಗಾವಿ ಪೇಟೆಯಲ್ಲಿ ಯಾವ ಜನರಿಕ್ ತಗೋಬೇಕು?

"ಸಾಲ್ಟ್ ಒಂದೇ ಐತ್ರಿ, ಕಂಪನಿ ಅಷ್ಟ ಬ್ಯಾರೆ" ಎಂದು, ಅಂದರೆ ಒಳಗಿನ ಔಷಧ ಒಂದೇ ಎಂದು, ಔಷಧ ಅಂಗಡಿಯವರು ಹೇಳುವ ಮಾತು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಗುಳಿಗೆಗಳ ಮಟ್ಟಿಗೆ ಅರ್ಧ ಮಾತ್ರ ನಿಜ.

ನಿಜವಾಗುವುದು ಆಟಮಾಕ್ಸೆಟಿನ್ ವಿಷಯದಲ್ಲಿ. ಆಕ್ಸೆಪ್ಟಾ, ಆಟೆಂಟ್ರಾಲ್ ಹೀಗೆ ಹೆಸರು ಬೇರೆಯಾದರೂ ಔಷಧವನ್ನು ತಾಸುಗಟ್ಟಲೆ ತಡೆದು ಬಿಡುವ ತಂತ್ರವೇನೂ ಇದರಲ್ಲಿಲ್ಲ. ಚೀಟಿಯಲ್ಲಿರುವ ಮಿಲಿಗ್ರಾಂ ಸರಿಯಿದ್ದರೆ ಅಗ್ಗದ್ದನ್ನೇ ಧೈರ್ಯವಾಗಿ ಕೊಳ್ಳಿ. ಪೂರ್ಣ ಪರಿಣಾಮ ಕಾಣಲು 4ರಿಂದ 6 ವಾರ ಬೇಕು. ಎಂಟು ದಿನಕ್ಕೇ "ಈ ಕಂಪನೀದು ಹತ್ತಲಿಲ್ಲ" ಎಂದು ಬದಲಾಯಿಸಿದರೆ ಏನೂ ತಿಳಿಯುವುದಿಲ್ಲ. ಕ್ಯಾಪ್ಸೂಲ್ ಆಗಿದ್ದರೆ ಬಿಚ್ಚಿ ಹಾಲಿಗೆ ಹಾಕಬೇಡಿ, ಆ ಪುಡಿ ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ನಡೆದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅವುಗಳಿಂದ ಆಟಮಾಕ್ಸೆಟಿನ್ ರಕ್ತದಲ್ಲಿ ಹೆಚ್ಚಾಗುತ್ತದೆ.

ತೊಡಕಿರುವುದೆಲ್ಲ ಎಡಿಎಚ್‌ಡಿಯ ಇನ್ನೊಂದು ಔಷಧ ಮೀಥೈಲ್‌ಫೆನಿಡೇಟ್‌ನಲ್ಲಿ. ಇನ್‌ಸ್ಪೈರಲ್ 10, ಆ್ಯಡ್‌ವೈಜ್ 10ರಂಥ ಸಾದಾ ಗುಳಿಗೆ 3–4 ತಾಸು ಕೆಲಸ ಮಾಡುತ್ತದೆ. ಮುಂಜಾನೆ ನಾಷ್ಟಾದ ಹೊತ್ತಿಗೆ ಕೊಟ್ಟರೆ ಮಧ್ಯಾಹ್ನದ ಬುತ್ತಿಯೊಳಗೇ ಇಳಿದುಹೋಗಿರುತ್ತದೆ. ಸಾದಾದಿಂದ ಸಾದಾಕ್ಕೆ ಕಂಪನಿ ಬದಲಾದರೆ ದೊಡ್ಡ ತೊಂದರೆಯಿಲ್ಲ. ಆದರೆ ಗುಳಿಗೆ ಪಟ್ಟಿಯ ಮೇಲೆ ಹೆಸರಿನ ಪಕ್ಕ ಎಸ್‌ಆರ್, ಇಆರ್, ಒಡಿ ಎಂದಿದ್ದರೆ ಅದು ಬೇರೆಯೇ ಸರಕು, ಔಷಧವನ್ನು ತಾಸುಗಟ್ಟಲೆ ನಿಧಾನವಾಗಿ ಬಿಡುವಂಥದ್ದು. ಅದನ್ನು ಮುರಿದರೆ, ಅಗಿದರೆ ದಿನದ ಔಷಧವೆಲ್ಲ ಒಮ್ಮೆಲೇ ದೇಹ ಸೇರುತ್ತದೆ.

ಇಂಥದ್ದೇ ಮೀಥೈಲ್‌ಫೆನಿಡೇಟ್ ಆದ ಕಾನ್ಸರ್ಟಾ ಗುಳಿಗೆಯನ್ನೇ ನೋಡಿ. ಹೊರಲೇಪದಲ್ಲಿ ಔಷಧದ ಶೇ 22ರಷ್ಟು ಇದ್ದು ಬೇಗ ಕರಗುತ್ತದೆ. ಉಳಿದದ್ದು ಗಟ್ಟಿ ಚಿಪ್ಪಿನೊಳಗೆ. ಒಂದು ತುದಿಗೆ ಲೇಸರ್‌ನಿಂದ ಕೊರೆದ ಸಣ್ಣ ತೂತು. ಹೊಟ್ಟೆಯ ನೀರು ಚಿಪ್ಪಿನೊಳಗೆ ಇಳಿದಂತೆ ತಳದ ಪದರ ಉಬ್ಬಿ, ಆ ತೂತಿನಿಂದ ಔಷಧವನ್ನು 10–12 ತಾಸು ನಿಧಾನವಾಗಿ ಹೊರಕ್ಕೆ ತಳ್ಳುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಇಡಿಯಾಗಿ ಕಂಡರೆ ಗಾಬರಿ ಬೇಡ. ಈ ತಂತ್ರವಿಲ್ಲದ ಜನರಿಕ್ ಅದೇ ಮಿಲಿಗ್ರಾಂ ಕೊಟ್ಟರೂ ದಿನವಿಡೀ ಅದೇ ಪರಿಣಾಮ ಕೊಡುತ್ತದೆಂಬ ಖಾತ್ರಿಯಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಇಂಥ ಎರಡು ಕಂಪನಿಗಳ ಜನರಿಕ್‌ಗಳಿಂದ, ಮೂಲ ಗುಳಿಗೆಗೆ ಸಮ ಎಂಬ ದರ್ಜೆಯನ್ನು ಹಿಂತೆಗೆದುಕೊಂಡಿತು. 7ರಿಂದ 12ನೇ ತಾಸಿನ ನಡುವೆ ಔಷಧ ನಿಧಾನವಾಗಿ ಬರುತ್ತಿರಬಹುದು ಎಂಬುದೇ ಕಾರಣ. ನಮ್ಮ ಶಾಲೆಗಳ ಲೆಕ್ಕದಲ್ಲಿ ಅದು ಮಧ್ಯಾಹ್ನದ ಕೊನೆಯ ಪಿರಿಯಡ್ ಮತ್ತು ಸಂಜೆಯ ಹೋಮ್‌ವರ್ಕ್.

ಆದ್ದರಿಂದ ಕಂಪನಿ ಬದಲಾದ ವಾರ ಮುಂಜಾನೆ, ಮೂರು ಗಂಟೆ, ಸಂಜೆ ಏಳು ಹೀಗೆ ಮೂರು ಹೊತ್ತು ಮಗು ಹೇಗಿತ್ತೆಂದು ಬರೆದಿಡಿ. ಜೊತೆಗೆ ಬುತ್ತಿ ಎಷ್ಟು ಉಳಿಯಿತು, ನಿದ್ದೆ ಯಾವಾಗ ಬಂತು ಎಂಬುದನ್ನೂ. ಮುಂಜಾನೆ ಚೆನ್ನಾಗಿದ್ದು ಮೂರರ ನಂತರ ಕೆಟ್ಟರೆ ತಪ್ಪು ಮಗುವಿನದಲ್ಲ, ದಯವಿಟ್ಟು ಬೈಯಬೇಡಿ. ಡೋಸ್ ನೀವಾಗಿ ಹೆಚ್ಚಿಸಲೂ ಬೇಡಿ. ಕಾನ್ಸರ್ಟಾದ 18 ಮಿಲಿಗ್ರಾಂ ಗುಳಿಗೆ ಸಾದಾ 5ನ್ನು ದಿನಕ್ಕೆ ಎರಡು-ಮೂರು ಸಲ ಕೊಡುವುದಕ್ಕೆ ಸಮ, 36ರದ್ದು ಸಾದಾ 10ಕ್ಕೆ. ಅಂಗಡಿಯಲ್ಲಿ 18 ಇಲ್ಲವೆಂದು 20 ಎಸ್‌ಆರ್ ಕೊಟ್ಟರೆ ತಗೋಬೇಡಿ.

ಇನ್ನು ಸಿಗುವ ಮಾತು. ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮಗಳಿರುವ ಪಟ್ಟಿಯದು. ಪ್ರತ್ಯೇಕ ಲೈಸೆನ್ಸ್ ಇಲ್ಲದ ಅಂಗಡಿ ಅದನ್ನು ಮಾರುವಂತಿಲ್ಲ, ಇದ್ದವರೂ ಬೀಗ ಹಾಕಿಯೇ ಇಡಬೇಕು. ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಮತ್ತೆ ಕೊಡಬಹುದೆಂದು ಡಾಕ್ಟರು ಬರೆಯದಿದ್ದರೆ ಅದೇ ಚೀಟಿ ಎರಡನೇ ಸಲ ನಡೆಯದು. 2020ರ ಟೆಲಿಮೆಡಿಸಿನ್ ನಿಯಮದಂತೆ ಫೋನ್, ವಿಡಿಯೋ ಭೇಟಿಯಲ್ಲಿ ಇದನ್ನು ಬರೆಯುವ ಹಾಗೂ ಇಲ್ಲ. ಅಥಣಿ, ರಾಯಬಾಗದ ಕಡೆಯವರು ಬೆಳಗಾವಿಯ ಬಿಮ್ಸ್, ಕೆಎಲ್‌ಇ ಆಸ್ಪತ್ರೆಗೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬಂದ ದಿನವೇ ಎರಡೂ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಊರಿಗೆ ಹೊರಡುವ ಮುಂಚೆ ಆಸ್ಪತ್ರೆ ಹತ್ತಿರದ ಅಂಗಡಿಯಲ್ಲೇ ಕಂಪನಿ, ಮಿಲಿಗ್ರಾಂ, ಒಡಿ ಅಥವಾ ಎಸ್‌ಆರ್ ಮೂರನ್ನೂ ಚೀಟಿಗೆ ತಾಳೆ ನೋಡಿ ಕೊಳ್ಳಿ.