ಭುವನೇಶ್ವರ ನಿಜಕ್ಕೂ ಹಾಕಿ ರಾಜಧಾನಿನಾ? ಎರಡು ಸ್ಟೇಡಿಯಂ ನೋಡಿ ಬಂದ ಮೇಲೆ

ಭುವನೇಶ್ವರದ ಕಳಿಂಗ ಸ್ಟೇಡಿಯಂನಲ್ಲಿ ಕೂತು ಹಾಕಿ ಮ್ಯಾಚ್ ನೋಡೋದು ತುಂಬಾ ಖುಷಿ ಕೊಡುತ್ತದೆ. ಗ್ಯಾಲರಿ ಟರ್ಫ್‌ಗೆ ಹತ್ತಿರ, ನೀಲಿ ಟರ್ಫ್ ಮೇಲೆ ಹಳದಿ ಚೆಂಡು ಎಷ್ಟು ಜೋರಾಗಿ ಓಡಿದರೂ ಕಣ್ಣು ತಪ್ಪುವುದಿಲ್ಲ. 2018 ಮತ್ತು 2023ರ ಪುರುಷರ ವಿಶ್ವಕಪ್ ಫೈನಲ್ ಎರಡೂ ಇಲ್ಲೇ ನಡೆದವು. ಹೊರಗೆ ಒಂದು ಅಂಗಡಿಯಲ್ಲಿ ಸಿಕ್ಕ ಚಹಾ ಮಾತ್ರ ತಣ್ಣಗಿತ್ತು, ಇರಲಿ.

ಆದರೆ ಪಕ್ಕದ ಸೀಟಿನವರ ಜೊತೆ ಜೋರು ವಾದ ಆಯ್ತು. ಅವರಿಗೆ ಭುವನೇಶ್ವರವೇ ಹಾಕಿ ರಾಜಧಾನಿ. ನಾನು ಒಪ್ಪಲಿಲ್ಲ. ಆಟಗಾರರು ಹುಟ್ಟುವುದು ಒಡಿಶಾದ ಸುಂದರ್‌ಗಢ ಜಿಲ್ಲೆಯಲ್ಲಿ ಅಲ್ವಾ? ಭಾರತ ತಂಡದ ಮಾಜಿ ನಾಯಕ ದಿಲೀಪ್ ಟಿರ್ಕಿ ಅಲ್ಲಿಯವರು, ಭಾರತಕ್ಕೆ ಆಡಿದ ಡಿಫೆಂಡರ್ ಅಮಿತ್ ರೋಹಿದಾಸ್ ಕೂಡ ಅಲ್ಲಿಯವರೇ. ಅದೇ ಜಿಲ್ಲೆಯ ರೂರ್ಕೆಲಾದ ಬಿರ್ಸಾ ಮುಂಡಾ ಸ್ಟೇಡಿಯಂನಲ್ಲಿ 20,000ಕ್ಕೂ ಜಾಸ್ತಿ ಸೀಟು. 2023ರ ವಿಶ್ವಕಪ್‌ನಲ್ಲಿ, ಜನವರಿ 13ರಂದು ಅಲ್ಲಿ ಭಾರತ ಸ್ಪೇನ್ ತಂಡವನ್ನು 2-0ಯಿಂದ ಸೋಲಿಸಿತು, ಮೊದಲ ಗೋಲು ಹೊಡೆದದ್ದು ಅದೇ ಮಣ್ಣಿನ ರೋಹಿದಾಸ್, ಅದನ್ನು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ.

ಸೌಕರ್ಯಕ್ಕೆ ಕಳಿಂಗ, ಪ್ರಾಣಕ್ಕೆ ರೂರ್ಕೆಲಾ. ಒಂದೇ ಮ್ಯಾಚ್ ನೋಡಲು ದುಡ್ಡಿದ್ದರೆ ರೂರ್ಕೆಲಾಗೆ ಹೋಗಿ.